ಶಾಲೆಗೆ ಅನುದಾನ ಕೇಳುವ ಪ್ರೊಪೋಸಲ್: ಅಳತೆ ಮೊದಲು, ಪತ್ರ ಕೊನೆಗೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಟೀಚರ್‌ಗಳ ಜೊತೆ ಕೂತು ಪ್ರೊಪೋಸಲ್ ಬರೆಯುವ ತರಬೇತಿ ನಡೆಸುವಾಗ, ಪ್ರತಿ ಸಲ ಯಾರಾದರೊಬ್ಬರು ವಾಪಸು ಬಂದ ಅರ್ಜಿಯನ್ನು ತರುತ್ತಾರೆ. ಓದಿದರೆ ಹೆಚ್ಚು ಕಡಿಮೆ ಒಂದೇ ಕಥೆ. ಮೊದಲು ಪತ್ರ ಬರೆದಿದ್ದಾರೆ. "ನಮ್ಮದು ಹಳೆಯ ಶಾಲೆ, ಬಡ ಮಕ್ಕಳು ಕಲಿಯುತ್ತಿದ್ದಾರೆ, ದಯವಿಟ್ಟು ಸಹಕರಿಸಬೇಕು" ಎಂದು ಎರಡು ಪುಟ. ಆಮೇಲೆ ಯಾರೋ ಬಜೆಟ್ ಎಲ್ಲಿ ಎಂದು ಕೇಳಿದಾಗ ಅಂದಾಜಿಗೆ ಒಂದು ಮೊತ್ತ ಹಾಕಿದ್ದಾರೆ. ಜಾಗದ ದಾಖಲೆ ಕೇಳಿದಾಗ ಮ್ಯಾನೇಜರನ್ನು ಹುಡುಕಿಕೊಂಡು ಹೋಗಿದ್ದಾರೆ. ಅಷ್ಟರಲ್ಲಿ ಕೊನೆಯ ದಿನ ದಾಟಿದೆ.

ಈ ಅರ್ಜಿಗಳಲ್ಲಿ ಭಾಷೆ ಕೆಟ್ಟದಾಗಿರುವುದಿಲ್ಲ. ನಮ್ಮ ಟೀಚರ್‌ಗಳು ಚೆನ್ನಾಗಿ ಬರೆಯುತ್ತಾರೆ. ತಪ್ಪಿರುವುದು ಕೆಲಸದ ಕ್ರಮ. ಅದಕ್ಕೇ ಇಲ್ಲಿ ಕ್ರಮದ ಮೇಲೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಲೂಬೇಡಿ.

ಉದಾಹರಣೆಗೆ ಉದ್ದಕ್ಕೂ ಒಂದೇ ಶಾಲೆಯನ್ನು ಇಟ್ಟುಕೊಳ್ಳೋಣ. ಒಂದರಿಂದ ಏಳನೇ ತರಗತಿವರೆಗಿನ ಸರಕಾರಿ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ, 148 ಮಕ್ಕಳು, ಕನ್ನಡ ಮಾಧ್ಯಮ. ಅವರಿಗೆ ಬೇಕಾದದ್ದು ಒಂದು ಓದುವ ಕೋಣೆ. ಶಾಲೆ ಕಲ್ಪನೆಯದು, ಅಂಕಿಗಳು ಮತ್ತು ದರಗಳು ಲೆಕ್ಕ ತೋರಿಸಲು ಇಟ್ಟವು. ನಿಮ್ಮ ಅರ್ಜಿಗೆ ನಿಮ್ಮ ಅಂಕಿಗಳನ್ನೇ ಹಾಕಿ.

ಹಂತ 1: ನಾಲ್ಕು ಜನ, ಒಂದು ಫೈಲು

ಹೆಡ್‌ಮಾಸ್ಟರ್ ಒಬ್ಬರೇ ರಾತ್ರಿ ಕೂತು ಬರೆದ ಪ್ರೊಪೋಸಲ್‌ಗಳು ಹೆಚ್ಚಾಗಿ ಅರ್ಧಕ್ಕೇ ನಿಲ್ಲುತ್ತವೆ. ನಾಲ್ಕು ಜನ ಸೇರಿ: ಹೆಡ್‌ಮಾಸ್ಟರ್, ಆ ಕೆಲಸವನ್ನು ಮುಂದೆ ನಡೆಸುವ ಟೀಚರ್, ಸ್ಟಾಕ್ ರಿಜಿಸ್ಟರ್ ಮತ್ತು ಲೆಕ್ಕ ನೋಡಿಕೊಳ್ಳುವವರು, ಪಿ.ಟಿ.ಎ.ಯ (ಹೆತ್ತವರು ಮತ್ತು ಟೀಚರ್‌ಗಳ ಸಂಘದ) ಒಬ್ಬರು. ಪಿ.ಟಿ.ಎ.ಯಿಂದ ಅಧ್ಯಕ್ಷರೇ ಬರಬೇಕೆಂದಿಲ್ಲ. ಮರಗೆಲಸ, ವಯರಿಂಗ್, ಗಾರೆ ಕೆಲಸ ಗೊತ್ತಿರುವ ತಂದೆಯೋ ತಾಯಿಯೋ ಇದ್ದರೆ ಇನ್ನೂ ಒಳ್ಳೆಯದು.

ಬೇಕಾದ ಸಾಮಾನು ಕಡಿಮೆ. ಅಳತೆ ಟೇಪು, ಕ್ಯಾಮೆರಾ ಇರುವ ಫೋನು, ಒಂದು ಗೆರೆ ಪುಸ್ತಕ, ಒಂದು ಕಂಪ್ಯೂಟರು ಮತ್ತು ಒಂದು ಗಟ್ಟಿ ಫೈಲು. ಆ ಫೈಲಿನಲ್ಲಿ ಮೊದಲ ದಿನವೇ ಇವು ಸೇರಲಿ:

• ಯುಡೈಸ್ ಕೋಡ್, ಅಂದರೆ ದೇಶದ ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆ. ಇದು 11 ಅಂಕಿಯದು, ನಮ್ಮ ಜಿಲ್ಲೆಯದು 3201ರಿಂದ ಶುರುವಾಗುತ್ತದೆ.
• ಶಾಲೆ ತೆರೆದ ಆರನೇ ಕೆಲಸದ ದಿನದ ಮಕ್ಕಳ ಲೆಕ್ಕ, ತರಗತಿವಾರು, ಮಾಧ್ಯಮವಾರು. ಕೇರಳದ ಶಾಲೆಗಳು ಮಕ್ಕಳ ದಾಖಲೆ ಇಡುವ "ಸಂಪೂರ್ಣ" ಎಂಬ ಆನ್‌ಲೈನ್ ವ್ಯವಸ್ಥೆಯಿಂದ ತೆಗೆದ ಪ್ರಿಂಟ್ ಸಾಕು.
• ಜಾಗದ ದಾಖಲೆ ಮತ್ತು ಈ ವರ್ಷದ ಕಟ್ಟಡ ಫಿಟ್‌ನೆಸ್ ಸರ್ಟಿಫಿಕೇಟ್.
• ಶಾಲೆಯ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ.
• ಕಳೆದ ಎರಡು ವರ್ಷಗಳಲ್ಲಿ ಬಂದ ಹಣ, ಅದು ಖರ್ಚಾದ ರೀತಿ.

ಕೊನೆಯದನ್ನು ಬಿಡುವವರೇ ಜಾಸ್ತಿ. ಕೇಂದ್ರ ಸರಕಾರದ ಶಾಲಾ ಯೋಜನೆಯಾದ ಸಮಗ್ರ ಶಿಕ್ಷಾದ ಮಾರ್ಗಸೂಚಿಯಲ್ಲಿ ಸರಕಾರಿ ಶಾಲೆಗಳ ವಾರ್ಷಿಕ ಸಂಯುಕ್ತ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ಇದೆ: 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1,000ದವರೆಗೆ 75,000, ಅದಕ್ಕಿಂತ ಮೇಲೆ ಒಂದು ಲಕ್ಷ. ಅದರಲ್ಲಿ ಕನಿಷ್ಠ ಶೇಕಡಾ 10 ಸ್ವಚ್ಛತೆಗೆ. ನಿಮ್ಮ ಅರ್ಜಿ ಓದುವವರಿಗೆ ಇದು ಗೊತ್ತಿರುತ್ತದೆ. 148 ಮಕ್ಕಳ ಶಾಲೆ "ನಮಗೆ ಯಾವ ಹಣವೂ ಬರುವುದಿಲ್ಲ" ಎಂದು ಬರೆದರೆ ಅವರು ಅಲ್ಲಿಗೇ ಓದುವುದನ್ನು ನಿಲ್ಲಿಸುತ್ತಾರೆ. ಕೈಗೆ ಬಂದದ್ದೆಷ್ಟು, ಪಾಯಿಖಾನೆ ರಿಪೇರಿಗೆ, ಕರೆಂಟು ಬಿಲ್ಲಿಗೆ, ಸೀಮೆಸುಣ್ಣಕ್ಕೆ ಎಷ್ಟೆಷ್ಟು ಹೋಯಿತು, ಪುಸ್ತಕಕ್ಕೆ ಉಳಿದದ್ದೆಷ್ಟು ಎಂದು ನಾಲ್ಕು ಸಾಲು ಬರೆಯಿರಿ. ಅದನ್ನು ಓದಿದವರಿಗೆ ನಂಬಿಕೆ ಬರುತ್ತದೆ.

ಎಚ್ಚರಿಕೆಯ ಗುರುತು: ಹಣ ಯಾರದೋ ಸ್ವಂತ ಖಾತೆಗೆ ಬರಲಿ ಎಂಬ ಮಾತು ತಂಡದೊಳಗೇ ಬಂದರೆ ಅಲ್ಲೇ ನಿಲ್ಲಿಸಿ. ಶಾಲೆಯ ಹೆಸರಿನ, ಇಬ್ಬರ ಸಹಿ ಬೇಕಾಗುವ ಖಾತೆ ಇಲ್ಲದಿದ್ದರೆ ಮೊದಲು ಅದನ್ನು ತೆರೆಯಿರಿ.

ಹಂತ 2: ತೊಂದರೆಯನ್ನು ಅಳೆಯಿರಿ

ಇಡೀ ಪ್ರೊಪೋಸಲ್ ಗೆಲ್ಲುವುದೂ ಸೋಲುವುದೂ ಈ ಹಂತದಲ್ಲಿ. ಆದರೂ ಇದಕ್ಕೆ ಒಂದು ಗಂಟೆಯನ್ನೂ ಯಾರೂ ಕೊಡುವುದಿಲ್ಲ. ನೀವು ಎರಡು ವಾರ ಕೊಡಿ.

ನಮ್ಮ ಉದಾಹರಣೆಯ ಶಾಲೆಯವರನ್ನು ಕೇಳಿದರೆ "ಲೈಬ್ರರಿ ಇಲ್ಲ" ಎನ್ನುತ್ತಾರೆ. ಸ್ಟಾಕ್ ರಿಜಿಸ್ಟರ್ ತೆಗೆದರೆ 640 ಪುಸ್ತಕಗಳಿವೆ! ಹಾಗಾದರೆ ತೊಂದರೆ ಏನು? ಕಪಾಟು ತೆರೆದು ಒಂದೊಂದೇ ಪುಸ್ತಕ ಕೆಳಗಿಟ್ಟು ಮೂರು ರಾಶಿ ಮಾಡಿ. ಗೆದ್ದಲು ತಿಂದದ್ದು, ಹರಿದದ್ದು ಒಂದು ಕಡೆ. ದೊಡ್ಡವರ ಪುಸ್ತಕ, ಹಳೆಯ ಪಠ್ಯ, ನಮ್ಮ ಮಕ್ಕಳಿಗೆ ಬಾರದ ಭಾಷೆಯದು ಇನ್ನೊಂದು ಕಡೆ. ಮಕ್ಕಳು ಈಗಲೇ ಎತ್ತಿಕೊಂಡು ಓದಬಹುದಾದ ಕನ್ನಡ ಪುಸ್ತಕ ಮೂರನೇ ಕಡೆ. ಮೂರನೇ ರಾಶಿಯಲ್ಲಿ 170 ಸಿಕ್ಕಿತು ಎಂದಿಟ್ಟುಕೊಳ್ಳಿ. 148 ಮಕ್ಕಳಿಗೆ 170 ಪುಸ್ತಕ. ಈಗ ನಿಮ್ಮ ಕೈಯಲ್ಲಿ ಒಂದು ಸತ್ಯ ಇದೆ.

ಆಮೇಲೆ ಇಶ್ಯೂ ರಿಜಿಸ್ಟರ್ ನೋಡಿ. ಕಳೆದ ತಿಂಗಳು ಎಷ್ಟು ಪುಸ್ತಕ ಮನೆಗೆ ಹೋದವು? 38. ಯಾವ ತರಗತಿಗೆ? ಒಂದು, ಎರಡರ ಮಕ್ಕಳಿಗೆ ಒಂದೂ ಇಲ್ಲ. ಯಾಕೆ ಎಂದು ಟೀಚರನ್ನು ಕೇಳಿ. ಕಪಾಟು ಹೆಡ್‌ಮಾಸ್ಟರ್ ಕೋಣೆಯಲ್ಲಿದೆ, ಚಿಕ್ಕ ಮಕ್ಕಳು ಒಳಗೆ ಬರಲು ಹೆದರುತ್ತಾರೆ ಎಂಬ ಉತ್ತರ ಸಿಗಬಹುದು. ಹಾಗಿದ್ದರೆ ಬರೀ ಪುಸ್ತಕ ತಂದರೆ ಆಗಲಿಲ್ಲ, ಪುಸ್ತಕ ಇರುವ ಜಾಗವೂ ಬದಲಾಗಬೇಕು. ಅಳೆಯದೆ ಕೂತಿದ್ದರೆ ಇದು ಹೊಳೆಯುತ್ತಿರಲಿಲ್ಲ ಅಲ್ವಾ?

ಮೂರನೆಯದಾಗಿ ಮಕ್ಕಳನ್ನು ಓದಿಸಿ ನೋಡಿ. ನಾಲ್ಕರಿಂದ ಏಳನೇ ತರಗತಿಯ 84 ಮಕ್ಕಳಿಗೆ ಪಠ್ಯದಲ್ಲಿಲ್ಲದ, ಸುಮಾರು 60 ಪದಗಳ ಸುಲಭ ಕನ್ನಡದ ಒಂದು ತುಂಡು ಕೊಡಿ. ಒಬ್ಬೊಬ್ಬರನ್ನೇ ಕೂರಿಸಿ ಓದಿಸಿ. ತಡವರಿಸದೆ ಓದಿದವರು, ಅಕ್ಷರ ಕೂಡಿಸಿ ಓದಿದವರು, ಓದಲಾಗದವರು ಎಂದು ಮೂರು ಗೆರೆ ಎಳೆದು ಲೆಕ್ಕ ಹಾಕಿ. 84ರಲ್ಲಿ 31 ಮಕ್ಕಳು ತಡವರಿಸಿದರು ಎಂದರೆ, ವರ್ಷದ ಕೊನೆಗೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಿ ಏನು ಬದಲಾಯಿತು ಎಂದು ತೋರಿಸಬಹುದು. ಹಣ ಕೊಡುವವರು "ಫಲಿತಾಂಶ ಹೇಗೆ ಅಳೆಯುತ್ತೀರಿ" ಎಂದು ಕೇಳುವುದಕ್ಕೆ ಉತ್ತರ ಇಲ್ಲೇ ತಯಾರಾಯಿತು.

ಕಟ್ಟಡದ ಕೆಲಸವಾದರೂ ಹೀಗೇ. "ಮಾಡು ಸೋರುತ್ತದೆ" ಎಂದು ಬರೆಯಬೇಡಿ. ಯಾವ ಕೋಣೆ, ಎಷ್ಟು ಚದರ ಮೀಟರ್, ಎಷ್ಟು ಹಂಚು ಒಡೆದಿದೆ, ಯಾವ ಪಕ್ಕಾಸು ಕೊಳೆತಿದೆ, ಕಳೆದ ಜೂನ್–ಜುಲೈಯಲ್ಲಿ ಎಷ್ಟು ದಿನ ಆ ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿದಿರಿ ಎಂದು ಬರೆಯಿರಿ. ಫೋಟೋವನ್ನು ಮಳೆಗಾಲದಲ್ಲೇ ತೆಗೆದಿಡಿ. ಜನವರಿಯಲ್ಲಿ ತೆಗೆದ ಫೋಟೋದಲ್ಲಿ ಯಾವ ಮಾಡೂ ಸೋರುವುದಿಲ್ಲ.

ಇಲ್ಲಿ ನನ್ನ ಮನಸ್ಸಿಗೆ ಇನ್ನೂ ನೋವಾಗುವ ಒಂದು ವಿಷಯ ಹೇಳಬೇಕು. ನಾನು ಮೊದಲು ಕೆಲಸ ಮಾಡಿದ ಶಾಲೆಗೆ ಒಂದು ಸಂಸ್ಥೆ ಐದು ಕಂಪ್ಯೂಟರ್ ಕೊಟ್ಟಿತು. ಕೇಳಿದ್ದು ನಾವೇ. ಕೋಣೆಯ ವಯರಿಂಗ್ ಅಷ್ಟು ಭಾರ ತಾಳುತ್ತದೆಯೇ ಎಂದು ನಾವು ನೋಡಿರಲಿಲ್ಲ. ಕೊಟ್ಟವರೂ ಕೇಳಲಿಲ್ಲ. ಒಂದು ಮಳೆಗಾಲ ಪೂರ್ತಿ ಪೆಟ್ಟಿಗೆಗಳು ಮೂಲೆಯಲ್ಲಿ ಕೂತವು. ತೆರೆದಾಗ ಎರಡು ಕೆಲಸ ಮಾಡಲಿಲ್ಲ. ಮಕ್ಕಳು ದಿನಾ ಬಂದು "ಯಾವಾಗ ತೆರೆಯುವುದು ಟೀಚರ್" ಎಂದು ಕೇಳುತ್ತಿದ್ದರು. ಒಬ್ಬ ಇಲೆಕ್ಟ್ರಿಶಿಯನ್ ಅರ್ಧ ಗಂಟೆ ನೋಡಿದ್ದರೆ ಇದು ತಪ್ಪುತ್ತಿತ್ತು. ಅದಕ್ಕೇ ಸ್ವಿಚ್ಚು, ನೀರು, ಬಾಗಿಲಿನ ಬೀಗ, ಕಿಟಕಿಯ ಸರಳು ಇವುಗಳನ್ನೂ ಅಳತೆಯ ಪಟ್ಟಿಗೆ ಸೇರಿಸಿ.

ಹಂತ 3: ಯಾರನ್ನು ಕೇಳುವುದು

ಅಳತೆ ಮುಗಿದ ಮೇಲೆ ಮಾತ್ರ ಈ ಪ್ರಶ್ನೆ. ಒಂದೇ ಅರ್ಜಿಯನ್ನು ಹತ್ತು ಕಡೆ ಕಳಿಸುವುದು ಬೇಡ. ಪ್ರತಿ ಹಣಕ್ಕೂ ಒಂದು ಸ್ವಭಾವ ಇದೆ.

ಪಂಚಾಯತು. ಕೇರಳದಲ್ಲಿ ಸರಕಾರಿ ಎಲ್.ಪಿ. (ಕಿರಿಯ ಪ್ರಾಥಮಿಕ), ಯು.ಪಿ. ಶಾಲೆಗಳು ಗ್ರಾಮ ಪಂಚಾಯತಿನ ಕೈಕೆಳಗೆ, ಹೈಸ್ಕೂಲುಗಳು ಜಿಲ್ಲಾ ಪಂಚಾಯತಿನ ಕೈಕೆಳಗೆ ಬರುತ್ತವೆ. ಪಂಚಾಯತಿನ ಯೋಜನಾ ಹಣಕ್ಕೆ ಬರೀ ಪತ್ರ ಸಾಲದು. ಮಾತು ಗ್ರಾಮಸಭೆಯಲ್ಲಿ ಬರಬೇಕು, ಪಂಚಾಯತಿನ ಯೋಜನೆ ತಯಾರಿಸುವ ವರ್ಕಿಂಗ್ ಗ್ರೂಪಿನಲ್ಲಿ ಸೇರಬೇಕು, ಕೊನೆಗೆ ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ ಸಿಗಬೇಕು. ಕೇರಳದ ಪಂಚಾಯತ್ ಕಾಯ್ದೆಯ ಪ್ರಕಾರ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡ್ ಮೆಂಬರನ್ನು ಕೇಳಿ ತಾರೀಕು ತಿಳಿದುಕೊಳ್ಳಿ. ಆ ದಿನ ಹೆಡ್‌ಮಾಸ್ಟರ್ ಒಬ್ಬರೇ ಹೋಗುವ ಬದಲು ಹತ್ತು ಮಂದಿ ತಾಯಂದಿರು ಬಂದು ಕೂತರೆ ವಿಷಯ ನಡಾವಳಿಯಲ್ಲಿ ದಾಖಲಾಗುತ್ತದೆ. ದಾಖಲಾಯಿತೇ ಎಂದು ಆಮೇಲೆ ನೋಡಿಯೂ ಬನ್ನಿ.

ಶಾಸಕರ ನಿಧಿ, ಸಂಸದರ ನಿಧಿ. ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಕೆಲಸ ಸೂಚಿಸಲು ಅವಕಾಶ. ಕೋಣೆ, ಆವರಣ ಗೋಡೆ, ಪಾಯಿಖಾನೆ, ಕುಡಿಯುವ ನೀರಿನಂಥ ಉಳಿಯುವ ಆಸ್ತಿಗೆ ಈ ದಾರಿ. ಸಂಬಳ, ತರಬೇತಿ, ಊಟದ ಖರ್ಚಿಗೆ ಅಲ್ಲ.

ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್. ಜಿಲ್ಲೆಯ ಅಭಿವೃದ್ಧಿಯ ಬಗ್ಗೆ ಪ್ರಭಾಕರನ್ ಆಯೋಗ ಕೊಟ್ಟ 2012ರ ವರದಿಯ ಮೇಲೆ ನಿಂತಿರುವ ಈ ಹಣ ದೊಡ್ಡ ಕಾಮಗಾರಿಗೆ. ಒಂದು ಓದುವ ಕೋಣೆಗೆ ಇಲ್ಲಿ ಹೋಗಬೇಡಿ, ಇಡೀ ಬ್ಲಾಕ್ ಕಟ್ಟಬೇಕಾದರೆ ಹೋಗಿ.

ಕಂಪನಿಗಳ ಸಿ.ಎಸ್.ಆರ್. (ಸಾಮಾಜಿಕ ಹೊಣೆಗಾರಿಕೆಯ) ಹಣ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಶಿಕ್ಷಣ ಆ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲೇ ಇದೆ. ಕಂಪನಿ ತಾನೇ ಸಾಮಾನು ಖರೀದಿಸಿ ಶಾಲೆಗೆ ಒಪ್ಪಿಸಬಹುದು. ಟ್ರಸ್ಟೋ ಸೊಸೈಟಿಯೋ ನಡುವೆ ನಿಂತು ಹಣ ಪಡೆಯುವುದಾದರೆ ಆ ಟ್ರಸ್ಟಿಗೆ ಸಿ.ಎಸ್.ಆರ್.-1 ನೋಂದಣಿ ಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಕಂಪನಿಗಳ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿಯಲ್ಲಿ ಕೇಳಿದರೆ ಹೆಚ್ಚಾಗಿ ಆ ವರ್ಷದ ಹಣ ಹಂಚಿ ಆಗಿರುತ್ತದೆ. ಮೇ ರಜೆಯಲ್ಲಿ ಬರೆದು ಜೂನಿನಲ್ಲಿ ಕಳಿಸಿ.

ಹಳೆ ವಿದ್ಯಾರ್ಥಿಗಳು. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಶಕ್ತಿ, ಮುಖ್ಯವಾಗಿ ಗಲ್ಫಿನಲ್ಲಿರುವವರು. ಆದರೆ ಒಂದು ಕಾನೂನು ಗಮನದಲ್ಲಿರಲಿ. ಭಾರತದ ಪಾಸ್‌ಪೋರ್ಟ್ ಇರುವವರು ವಿದೇಶದಲ್ಲಿ ದುಡಿದ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಅಲ್ಲಿನ ಕಂಪನಿ ಅಥವಾ ಅಲ್ಲಿನ ಸಂಘ ಕಳಿಸಿದರೆ ಎನಿಸುತ್ತದೆ. ಆಗ ಎಫ್.ಸಿ.ಆರ್.ಎ. (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ. ಹಣ ಕಳಿಸುವವರಿಂದ ಪಾಸ್‌ಪೋರ್ಟಿನ ಪ್ರತಿ ಕೇಳಿ ಫೈಲಿನಲ್ಲಿಡಿ. ಹವಾಲಾ ಹಣವನ್ನಂತೂ ಮುಟ್ಟಲೇಬೇಡಿ. "80ಜಿ ತೆರಿಗೆ ರಿಯಾಯಿತಿ ಸಿಗುತ್ತದೆ" ಎಂದು ಸುಮ್ನೆ ಬರೆಯುವುದೂ ಬೇಡ, ನೋಂದಣಿ ಇದ್ದರೆ ಮಾತ್ರ ಬರೆಯಿರಿ.

ಎಯ್ಡೆಡ್ ಶಾಲೆಯವರಿಗೆ, ಅಂದರೆ ಸರಕಾರದ ನೆರವಿನಿಂದ ನಡೆಯುವ ಖಾಸಗಿ ಶಾಲೆಯವರಿಗೆ, ಒಂದು ಮಾತು. ಕಟ್ಟಡ ಮ್ಯಾನೇಜ್‌ಮೆಂಟಿನ ಹೊಣೆ, ಜಾಗ ಅವರದು. ಸಾರ್ವಜನಿಕ ಹಣದಿಂದ ಖಾಸಗಿ ಜಾಗದಲ್ಲಿ ಗೋಡೆ ಕಟ್ಟುವಾಗ ಪ್ರಶ್ನೆಗಳು ಬಂದೇ ಬರುತ್ತವೆ. ಪುಸ್ತಕ, ಪ್ರಯೋಗದ ಸಾಮಾನು, ಕಂಪ್ಯೂಟರ್, ಓದಿನಲ್ಲಿ ಹಿಂದುಳಿದ ಮಕ್ಕಳ ತರಗತಿ ಇಂಥವುಗಳಿಂದ ಶುರುಮಾಡಿ.

ಹಂತ 4: ಒಪ್ಪಿಗೆ ಮತ್ತು ಎಸ್ಟಿಮೇಟ್

ಪಿ.ಟಿ.ಎ. ಸಭೆ ಕರೆದು ನಿರ್ಣಯ ಬರೆಯಿರಿ. ಸರಕಾರಿ ಶಾಲೆಯಾದರೆ ಎಸ್.ಎಂ.ಸಿ.ಯ (ಶಾಲಾ ನಿರ್ವಹಣಾ ಸಮಿತಿಯ) ನಿರ್ಣಯವೂ ಬೇಕು. ಎಯ್ಡೆಡ್ ಆದರೆ ಮ್ಯಾನೇಜರ ಸಹಿ ಇರುವ ಒಪ್ಪಿಗೆ ಪತ್ರ. ಗೋಡೆ ಒಡೆಯುವುದು, ಹೊಸದು ಕಟ್ಟುವುದು, ಮರ ಕಡಿಯುವುದು ಇದ್ದರೆ ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಯನ್ನು ಮೊದಲೇ ಕೇಳಿ.

ಕಟ್ಟಡದ ಎಸ್ಟಿಮೇಟನ್ನು ಪಂಚಾಯತಿನ ಇಂಜಿನಿಯರ್ ವಿಭಾಗದಿಂದಲೇ ಮಾಡಿಸಿ. ಊರಿನ ಮೇಸ್ತ್ರಿ ಹೇಳಿದ ಮೊತ್ತ ಎಷ್ಟೇ ಸರಿಯಿದ್ದರೂ ಸರಕಾರಿ ಹಣಕ್ಕೆ ನಡೆಯುವುದಿಲ್ಲ. ಓವರ್‌ಸಿಯರ್ ಬರುವ ದಿನ ನಿಮ್ಮ ಅಳತೆಯ ಪುಸ್ತಕ ಕೈಯಲ್ಲಿರಲಿ. ಸಾಮಾನಿಗೆ ಮೂರು ಬೇರೆ ಬೇರೆ ಅಂಗಡಿಯ ಕೊಟೇಶನ್ ತನ್ನಿ. ಮೂರಕ್ಕೂ ಒಂದೇ ಅಳತೆ, ಒಂದೇ ಗುಣಮಟ್ಟ ಕೊಟ್ಟು ಕೇಳಿ. ಇಲ್ಲದಿದ್ದರೆ ಹೋಲಿಸಲಿಕ್ಕೆ ಆಗುವುದಿಲ್ಲ.

ಕಂಪ್ಯೂಟರ್ ಕೇಳುವವರು ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್‌ನ ಜಿಲ್ಲಾ ಕಚೇರಿಯಲ್ಲಿ ಈಗಿನ ವಿವರ ಪಡೆಯಿರಿ. ನಮ್ಮ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್‌ನಲ್ಲಿ. ಅದಕ್ಕೆ ಹೊಂದದ ಸಾಮಾನು ಬಂದರೆ ಟೀಚರಿಗೇ ಕಷ್ಟ.

ಇನ್ನೊಂದು ನಮಗಷ್ಟೇ ಇರುವ ತೊಂದರೆ. ಸ್ಮಾರ್ಟ್ ಕ್ಲಾಸ್ ಮಾರುವವರು "ಪಾಠಗಳೂ ಒಳಗೇ ಇವೆ" ಎನ್ನುತ್ತಾರೆ. ಯಾವ ಭಾಷೆಯಲ್ಲಿ ಎಂದು ಕೇಳಿ. ಕನ್ನಡದಲ್ಲಿ ಎಂದರೆ, ಯಾವ ರಾಜ್ಯದ ಪಠ್ಯಕ್ರಮ ಎಂದು ಮತ್ತೆ ಕೇಳಿ. ನಮ್ಮ ಮಕ್ಕಳು ಓದುವುದು ಕೇರಳದ ಪಠ್ಯಪುಸ್ತಕ ಸಂಸ್ಥೆ ಎಸ್.ಸಿ.ಇ.ಆರ್.ಟಿ. ತಯಾರಿಸಿದ ಕನ್ನಡ ಪುಸ್ತಕ. ಕರ್ನಾಟಕದ ಪಠ್ಯಕ್ಕೆ ಮಾಡಿದ ವೀಡಿಯೊ ನಮ್ಮ ಐದನೇ ತರಗತಿಯ ಪಾಠಕ್ಕೆ ಕೂಡಿ ಬರುವುದಿಲ್ಲ. ದುಡ್ಡು ಕೊಡುವ ಮೊದಲು ಒಂದು ಪಾಠ ಹಾಕಿ ನೋಡಿ.

ಹಂತ 5: ಬಜೆಟ್

ನಮ್ಮ ಉದಾಹರಣೆಯ ಲೆಕ್ಕ ಹೀಗಿದೆ:

• ಮಕ್ಕಳ ಕನ್ನಡ ಪುಸ್ತಕ, 400 × 110 ರೂ. = 44,000
• ಸ್ಟೀಲ್ ರ‍್ಯಾಕ್, 4 × 6,500 ರೂ. ಮತ್ತು ಶೇಕಡಾ 18 ಜಿ.ಎಸ್.ಟಿ. = 30,680
• ನೆಲಕ್ಕೆ ಹಾಸುವ ಚಾಪೆ, 6 × 1,200 ರೂ. (ತೆರಿಗೆ ಸೇರಿ) = 7,200
• ಲೇಬಲ್, ಇಶ್ಯೂ ರಿಜಿಸ್ಟರ್, ಬೈಂಡಿನ ಅಂಟು = 2,800
• ಮಂಗಳೂರಿನಿಂದ ಸಾಗಾಟ = 3,000
• ಕೇಳುವ ಮೊತ್ತ = 87,680

ರ‍್ಯಾಕಿನ ಸಾಲನ್ನು ಇನ್ನೊಮ್ಮೆ ನೋಡಿ. ಅಂಗಡಿಯವರ ಕೊಟೇಶನ್ನಿನಲ್ಲಿ 6,500 ಎಂದಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ "ಜಿ.ಎಸ್.ಟಿ. ಪ್ರತ್ಯೇಕ". ಅದನ್ನು ಗಮನಿಸದೆ 26,000 ಎಂದು ಹಾಕಿದ್ದರೆ ಕೊನೆಗೆ 4,680 ರೂಪಾಯಿ ಕೊರತೆ. ಅದು ಟೀಚರ ಕಿಸೆಯಿಂದ ಹೋಗುತ್ತದೆ. ತರಬೇತಿಗೆ ಬಂದವರಲ್ಲಿ ಹೀಗೆ ಸ್ವಂತ ದುಡ್ಡು ಹಾಕಿದವರು ಎಷ್ಟೋ ಜನ. ಅಚ್ಚಾದ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಆದ್ದರಿಂದ ಆ ಸಾಲಿಗೆ ತೆರಿಗೆ ಸೇರಿಸಬೇಡಿ. ಸಾಗಾಟ, ಇಳಿಸುವ ಕೂಲಿ, ಜೋಡಿಸುವ ಖರ್ಚು ಮರೆಯಬೇಡಿ.

ಶಾಲೆಯ ಪಾಲನ್ನೂ ತೋರಿಸಿ. ಹೆತ್ತವರು ಎರಡು ಆದಿತ್ಯವಾರ ಬಂದು ಕೋಣೆಗೆ ಬಣ್ಣ ಹೊಡೆದರೆ ಅದಕ್ಕೆ 6,000, ಹಳೆ ಪುಸ್ತಕಗಳ ಬೈಂಡಿಗೆ 2,500. ಒಟ್ಟು 8,500. ಹಾಗಾಗಿ ಪೂರ್ತಿ ಯೋಜನೆ 96,180 ರೂಪಾಯಿಯದು, ನೀವು ಕೇಳುವುದು 87,680. ಒಂದು ಮಗುವಿಗೆ ಸುಮಾರು 592 ರೂಪಾಯಿ. ಈ ಕೊನೆಯ ಅಂಕಿಯನ್ನು ಬರೆದೇ ಬರೆಯಿರಿ. ಓದುವವರು ತಲೆಯಲ್ಲಿ ಅದೇ ಲೆಕ್ಕ ಹಾಕುತ್ತಿರುತ್ತಾರೆ.

"ಇತರ ಖರ್ಚು 10,000" ಎಂಬ ಸಾಲು ಬೇಡ. ಆ ಒಂದು ಸಾಲು ಉಳಿದೆಲ್ಲ ಸಾಲುಗಳ ಮೇಲೆ ಅನುಮಾನ ತರುತ್ತದೆ. ಎರಡೂವರೆ ಲಕ್ಷ ಕೇಳಿದರೆ ಒಂದಾದರೂ ಸಿಕ್ಕೀತು ಎಂದು ಮೊತ್ತ ಏರಿಸುವುದೂ ಬೇಡ. ಕೊಟೇಶನ್ ಲಗತ್ತಿಸಿದ ಮೇಲೆ ಅದು ಕಂಡುಬಿಡುತ್ತದೆ.

ಹಂತ 6: ಈಗ ಬರೆಯಿರಿ

ಪೆನ್ನು ಹಿಡಿಯುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿದೆ. ಕೊಡುವವರದೇ ನಮೂನೆ ಇದ್ದರೆ ಅದರಲ್ಲೇ ತುಂಬಿ, ಶೀರ್ಷಿಕೆಗಳನ್ನು ಬದಲಾಯಿಸಬೇಡಿ. ಇಲ್ಲದಿದ್ದರೆ ನಾಲ್ಕು ಪುಟ ಸಾಕು. ತೊಂದರೆ ಏನು, ಏನು ಮಾಡುತ್ತೀರಿ, ಯಾರು ಯಾವಾಗ ಮಾಡುತ್ತಾರೆ, ಎಷ್ಟು ಖರ್ಚು, ಬದಲಾವಣೆ ಹೇಗೆ ಗೊತ್ತಾಗುತ್ತದೆ, ಹಣ ಮುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ. ಈ ಕ್ರಮದಲ್ಲೇ.

ತೊಂದರೆಯ ಭಾಗಕ್ಕೆ ಒಂದು ಮಾದರಿ ಕೊಡುತ್ತೇನೆ. ವಾಪಸು ಬರುವ ಬರಹ ಹೀಗಿರುತ್ತದೆ: "ನಮ್ಮ ಶಾಲೆಯಲ್ಲಿ ಸುಸಜ್ಜಿತ ಗ್ರಂಥಾಲಯದ ಕೊರತೆಯಿದ್ದು ವಿದ್ಯಾರ್ಥಿಗಳ ಸರ್ವಾಂಗೀಣ ಬೆಳವಣಿಗೆಗೆ ತೀವ್ರ ತೊಡಕಾಗಿದೆ." ಇದನ್ನು ಯಾವ ಶಾಲೆಯಾದರೂ ಬರೆಯಬಹುದು. ಅದರ ಬದಲು ಹೀಗೆ: "ನಮ್ಮಲ್ಲಿ 148 ಮಕ್ಕಳು. ರಿಜಿಸ್ಟರಿನಲ್ಲಿ 640 ಪುಸ್ತಕ. ಮಕ್ಕಳು ಓದಬಹುದಾದವು 170. ಕಳೆದ ತಿಂಗಳು ಮನೆಗೆ ಹೋದದ್ದು 38. ನಾಲ್ಕರಿಂದ ಏಳನೇ ತರಗತಿಯ 84 ಮಕ್ಕಳಲ್ಲಿ 31 ಮಂದಿ 60 ಪದಗಳ ಸುಲಭ ಬರಹವನ್ನು ತಡವರಿಸಿ ಓದಿದರು." ಒಂದು ವಿಶೇಷಣವೂ ಇಲ್ಲ. ಆದರೆ ಓದಿದವರ ಮನಸ್ಸು ತಟ್ಟುತ್ತದೆ.

ನಮ್ಮ ಶಾಲೆಗಳ ಅರ್ಜಿಯಲ್ಲಿ ಒಂದು ಪ್ಯಾರಾ ಜಾಸ್ತಿಯೇ ಬೇಕು. ತಿರುವನಂತಪುರದಲ್ಲೋ ಬೆಂಗಳೂರಲ್ಲೋ ಕೂತು ಓದುವವರಿಗೆ ಕೇರಳದೊಳಗೆ ಕನ್ನಡ ಮಾಧ್ಯಮ ಶಾಲೆ ಇದೆ ಎಂದೇ ಗೊತ್ತಿಲ್ಲದಿರಬಹುದು. ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ರಾಜ್ಯದ ಪುಸ್ತಕ ಮೇಳಗಳಲ್ಲಿ ಮಲಯಾಳ ಪುಸ್ತಕ ಧಾರಾಳ ಸಿಗುತ್ತದೆ, ನಮ್ಮ ಮಕ್ಕಳ ಕನ್ನಡ ಪುಸ್ತಕಕ್ಕೆ ಮಂಗಳೂರಿಗೆ ಹೋಗಬೇಕು. ಇದನ್ನು ದೂರಿನ ಧ್ವನಿಯಲ್ಲಿ ಬರೆಯದೆ, ಸಾಗಾಟದ 3,000 ರೂಪಾಯಿ ಯಾಕೆ ಬೇಕು ಎಂಬ ವಿವರಣೆಯಾಗಿ ಬರೆಯಿರಿ.

ಯಾವ ಭಾಷೆಯಲ್ಲಿ ಬರೆಯುವುದು? ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಬಳಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಳಸದೇ ಬಿಟ್ಟರೆ ಕಚೇರಿಗಳಲ್ಲಿ ಕನ್ನಡ ಓದುವವರು ಬೇಕೆಂದು ಕೇಳಲು ನಮ್ಮಲ್ಲಿ ಆಧಾರ ಉಳಿಯುವುದಿಲ್ಲ. ಜೊತೆಗೆ ಮಲಯಾಳದ ಒಂದು ಪ್ರತಿ ಇಟ್ಟರೆ ಫೈಲು ಬೇಗ ಸಾಗುತ್ತದೆ. ಮಲಯಾಳ ಪ್ರತಿಯನ್ನು ಫೋನಿನ ಅನುವಾದಕ್ಕೆ ಬಿಡಬೇಡಿ, ಭಾಷೆ ಬಲ್ಲ ಸಹೋದ್ಯೋಗಿ ಓದಲಿ. ಕಂಪನಿಗಳಿಗೆ ಇಂಗ್ಲಿಷ್. ಆದರೆ ಮೊದಲ ಕರಡು ಕನ್ನಡದಲ್ಲೇ ಇರಲಿ. ಇಂಗ್ಲಿಷಿನಲ್ಲಿ ನೇರ ಶುರುಮಾಡಿದವರು ತಮಗೇ ಅರ್ಥವಾಗದ ದೊಡ್ಡ ಪದಗಳಲ್ಲಿ ಸಿಕ್ಕಿಬೀಳುತ್ತಾರೆ.

ಕೆಲಸದ ವೇಳಾಪಟ್ಟಿ ನಮ್ಮ ಮಳೆಗೆ ಹೊಂದಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಗೋಡೆ ಕಟ್ಟುವುದು, ಮಾಡು ಬಿಚ್ಚುವುದು ಬರೆಯಬೇಡಿ. ಏಪ್ರಿಲ್–ಮೇ ರಜೆಯಲ್ಲಿ ಕಟ್ಟಡ, ಮಳೆಯಲ್ಲಿ ಪುಸ್ತಕ ಆರಿಸುವುದು, ಲೇಬಲ್ ಹಚ್ಚುವುದು ಎಂದು ಹಂಚಿ. "ಮುಂದೆ ಯಾರು ನೋಡಿಕೊಳ್ಳುತ್ತಾರೆ" ಎಂಬಲ್ಲೂ ಮಳೆ ಬರಬೇಕು. ರ‍್ಯಾಕ್ ಗೋಡೆಗೆ ತಾಗದೆ ನಾಲ್ಕು ಬೆರಳು ಬಿಟ್ಟಿರುತ್ತದೆ, ವಾರಕ್ಕೊಮ್ಮೆ ಆರನೇ ತರಗತಿಯ ಮಕ್ಕಳು ಬೂಸು, ಗೆದ್ದಲು ನೋಡುತ್ತಾರೆ, ಹೊಣೆ ಇಂಥ ಟೀಚರಿನದು. ಹೀಗೆ ಬರೆದರೆ ಸಾಕು.

ಮಕ್ಕಳ ಹೆಸರು, ಜಾತಿ, ಮನೆಯ ಕಷ್ಟ ಹಾಕಬೇಡಿ. ಕಣ್ಣೀರು ತರಿಸಲೆಂದು ಒಂದು ಮಗುವಿನ ಫೋಟೋ ಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಆ ಮಗು ನಾಳೆ ದೊಡ್ಡದಾಗುತ್ತದೆ, ಆ ಫೋಟೋ ಎಲ್ಲೋ ಉಳಿದಿರುತ್ತದೆ. ಕಪಾಟಿನ, ಮಾಡಿನ, ಗೋಡೆಯ ಫೋಟೋ ಸಾಕು.

ಹಂತ 7: ಓದಿಸಿ, ಆಮೇಲೆ ಪತ್ರ

ಕರಡನ್ನು ಶಾಲೆಗೆ ಸಂಬಂಧವೇ ಇಲ್ಲದ ಒಬ್ಬರಿಗೆ ಕೊಡಿ. ಅಂಗಡಿಯವರಾಗಬಹುದು, ಬ್ಯಾಂಕಿನವರಾಗಬಹುದು. ಓದಿದ ಮೇಲೆ ಮೂರೇ ಪ್ರಶ್ನೆ ಕೇಳಿ: ಏನು ಬೇಕಂತೆ? ಎಷ್ಟು ಬೇಕಂತೆ? ಯಾಕಂತೆ? ಒಂದಕ್ಕೆ ಉತ್ತರ ತಡವರಿಸಿದರೂ ಆ ಭಾಗ ತಿರುಗಿ ಬರೆಯಿರಿ. ಇನ್ನೊಬ್ಬರು ಕ್ಯಾಲ್ಕುಲೇಟರ್ ಹಿಡಿದು ಎಲ್ಲ ಕೂಡಿಕೆ ನೋಡಲಿ. ಮೊದಲ ಪುಟದ ಮೊತ್ತ, ಬಜೆಟ್ಟಿನ ಮೊತ್ತ, ನಿರ್ಣಯದ ಮೊತ್ತ ಮೂರೂ ಒಂದೇ ಇರಬೇಕು.

ಈಗ ಪತ್ರ. ಒಂದೇ ಪುಟ. ಮೊದಲ ಸಾಲಿನಲ್ಲೇ ಯಾವ ಶಾಲೆ, ಏನು ಕೆಲಸ, ಎಷ್ಟು ಹಣ. ಎರಡನೇ ಪ್ಯಾರಾದಲ್ಲಿ ನಿಮ್ಮ ಅತ್ಯಂತ ಬಲವಾದ ಎರಡು ಅಂಕಿ. ಮೂರನೆಯದರಲ್ಲಿ ಲಗತ್ತಿನ ಪಟ್ಟಿ, ಯಾರಿಗೆ ಫೋನ್ ಮಾಡಬೇಕು ಎಂಬುದು. ಇಷ್ಟೇ. ನೇರ ಕೊಟ್ಟರೆ ನಿಮ್ಮ ಪ್ರತಿಗೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ.

ದಾರಿಯಲ್ಲಿ ಕಾಣುವ ಅಪಾಯದ ಗುರುತುಗಳು

ಫೋನ್ ಮಾಡಿ "ನಿಮ್ಮ ಶಾಲೆಗೆ ಐದು ಲಕ್ಷ ಮಂಜೂರಾಗಿದೆ, ಪ್ರೊಸೆಸಿಂಗ್ ಫೀಸ್ ಕಟ್ಟಿ" ಎಂದರೆ ಅದು ಮೋಸ. ಕೇಳದ ಅನುದಾನ ಮಂಜೂರಾಗುವುದಿಲ್ಲ. ಒ.ಟಿ.ಪಿ. ಕೊಡಬೇಡಿ.

ಮಂಜೂರಾದ ಹಣದಲ್ಲಿ ಇಷ್ಟು ಪಾಲು ನನಗೆ ಎನ್ನುವ ಮಧ್ಯವರ್ತಿ, ಬಿಲ್ಲಿನ ಮೊತ್ತ ಜಾಸ್ತಿ ಮಾಡಿ ಉಳಿದದ್ದು ಹಿಂದಿರುಗಿಸಿ ಎನ್ನುವ ದಾನಿ, ಖಾಲಿ ಬಿಲ್ಲಿಗೆ ಸಹಿ ಕೇಳುವ ಅಂಗಡಿ. ಈ ಮೂವರಿಗೂ ಇಲ್ಲ ಎನ್ನಿ. ಸಹಿ ಹೆಡ್‌ಮಾಸ್ಟರರದ್ದು, ಆಡಿಟ್ ಬಂದಾಗ ಉತ್ತರಿಸುವುದೂ ಅವರೇ.

"ಪ್ರೊಪೋಸಲ್ ನಾವೇ ಉಚಿತವಾಗಿ ಬರೆದುಕೊಡುತ್ತೇವೆ" ಎಂದು ಬರುವ ಮಾರಾಟಗಾರರ ಬಗ್ಗೆಯೂ ಜಾಗ್ರತೆ. ಅವರ ಅರ್ಜಿಯಲ್ಲಿ ತೊಂದರೆಗಿಂತ ಮೊದಲು ಅವರ ಸಾಮಾನಿನ ಹೆಸರು ಇರುತ್ತದೆ.

ಹಂತ 8: ಕಳಿಸಿದ ಮೇಲೆ

ಮೂರು ವಾರ ಕಾಯಿರಿ, ಆಮೇಲೆ ಒಮ್ಮೆ ಫೋನ್ ಮಾಡಿ ತಲುಪಿದೆಯೇ ಎಂದು ಕೇಳಿ. ತಿರಸ್ಕಾರವಾದರೆ ಕಾರಣ ಕೇಳಲು ಸಂಕೋಚ ಬೇಡ. ಹೇಳಿದ ಕಾರಣವನ್ನು ಫೈಲಿನಲ್ಲಿ ಬರೆದು, ಆ ಹಂತಕ್ಕೆ ಮಾತ್ರ ಹಿಂದೆ ಹೋಗಿ. ಬಜೆಟ್ ಸರಿಯಿಲ್ಲ ಎಂದಿದ್ದರೆ ಐದನೇ ಹಂತಕ್ಕೆ. ಎಲ್ಲವನ್ನೂ ಮೊದಲಿಂದ ಬರೆಯಬೇಕಾಗಿಲ್ಲ.

ಹಣ ಬಂದರೆ, ಬಂದ ದಿನವೇ ಬೇರೆ ಕ್ಯಾಶ್‌ಬುಕ್ ಶುರುಮಾಡಿ. ಪುಸ್ತಕದ ಹಣದಲ್ಲಿ ಉಳಿದದ್ದನ್ನು ಕೇಳದೆ ರ‍್ಯಾಕಿಗೆ ಬಳಸಬೇಡಿ, ಬರೆದು ಒಪ್ಪಿಗೆ ಪಡೆಯಿರಿ. ಬಂದ ಸಾಮಾನು ಅದೇ ದಿನ ಸ್ಟಾಕ್ ರಿಜಿಸ್ಟರಿಗೆ. ಕೆಲಸ ಮುಗಿದ ಮೇಲೆ ಬಿಲ್ಲು, ಉಪಯೋಗ ಪತ್ರ (ಕೊಟ್ಟ ಹಣ ಅದೇ ಕೆಲಸಕ್ಕೆ ಖರ್ಚಾಗಿದೆ ಎಂಬ ಪತ್ರ), ಮೊದಲು ಮತ್ತು ಆಮೇಲಿನ ಫೋಟೋ, 84 ಮಕ್ಕಳ ಓದಿನ ಪರೀಕ್ಷೆಯ ಹೊಸ ಲೆಕ್ಕ ಕಳಿಸಿ. ತಡವರಿಸುವವರು 31ರಿಂದ 22ಕ್ಕೆ ಮಾತ್ರ ಇಳಿದಿದ್ದರೆ 22 ಎಂದೇ ಬರೆಯಿರಿ.

ಹೆಡ್‌ಮಾಸ್ಟರ್ ವರ್ಗಾವಣೆ ಆಗುವುದು ಸಾಮಾನ್ಯವಾಗಿ ಶಾಲೆ ತೆರೆಯುವ ಹೊತ್ತಿಗೆ. ಹೊಸಬರು ಬಂದಾಗ ಹಳೆಯ ಅನುದಾನದ ಲೆಕ್ಕ ಯಾರಿಗೂ ಗೊತ್ತಿರುವುದಿಲ್ಲ, ಮುಂದಿನ ಅರ್ಜಿ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಫೈಲಿನ ಒಳಮೈಗೆ ಒಂದು ಹಾಳೆ ಅಂಟಿಸಿ ಮೂರು ತಾರೀಕು ಬರೆದಿಡಿ: ಹಣ ಬಂದದ್ದು, ಉಪಯೋಗ ಪತ್ರ ಕೊಡಬೇಕಾದದ್ದು, ಓದಿನ ಪರೀಕ್ಷೆ ಮತ್ತೆ ಮಾಡಬೇಕಾದದ್ದು. ಕೆಳಗೆ ತಂಡದ ನಾಲ್ವರ ಹೆಸರು ಮತ್ತು ಫೋನ್ ನಂಬರ್.